ಸಿನಿಮಾದ ಅಣ್ಣ

ಮಧ್ಯಾಹ್ನದ ಆಟ ಬಿಟ್ಟಿತ್ತು. ಯುದ್ಧಕ್ಕೆ ಊರು ಕಳೆದುಕೊಂಡ ಹುಡುಗಿಯೊಬ್ಬಳು ಸಮುದ್ರ ದಾಟಿ ಅಣ್ಣನನ್ನು ಹುಡುಕಿಕೊಂಡು ಹೋಗುವ ಸಿನಿಮಾ. ಎಲ್ಲರೂ ಮೂಗೊರೆಸಿಕೊಳ್ಳುತ್ತಾ ಹೊರಬಂದರೆ, ವಯಸ್ಸಾದ ಅಣ್ಣ-ತಂಗಿ ಇಬ್ಬರು ಮಾತ್ರ ಜಗಳವಾಡುತ್ತಾ ಬಂದರು. ಬಾಗಿಲಲ್ಲಿ ನಿಂತಿದ್ದ ಗೇಟ್‌ಕೀಪರ್ ಕಿವಿ ನೆಟ್ಟಗೆ ಮಾಡಿದ.

“ನೋಡಿದ್ಯಾ ಅಣ್ಣಾ? ಸಿನಿಮಾದ ಅಣ್ಣ ತಂಗೀನ ತಬ್ಕೊಂಡು ಹೇಗೆ ಅತ್ತ! ನೀನು?”

“ನಾನೇನೇ ಮಾಡ್ದೆ?”

“ಆ ಯುದ್ಧದ ಕಾಲದಲ್ಲಿ ನಾನೂ ಹಾಗೇ ನಿನ್ನ ಹುಡುಕ್ಕೊಂಡು ದೋಣೀಲಿ ಸತ್ತು ಬದುಕಿ ಬಂದ್ರೆ, ‘ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ’ ಅಂತ ಬೈದೆ!”

“ಬೈಯ್ದೇ ಇದ್ದಿದ್ರೆ ಅತ್ತುಬಿಡ್ತಿದ್ದೆ ಕಣೇ.”

 ತಂಗಿ ಸರಕ್ಕನೆ ಎಡಕ್ಕೆ ತಿರುಗಿದಳು.

“ಅಲ್ಲಲ್ಲ, ಬಸ್‌ಸ್ಟಾಪ್ ಈ ಕಡೆ! ಮತ್ತೆ ಕಳೆದುಹೋದ್ರೆ ಹುಡುಕೋಕೆ ನನ್ನ ಮಂಡಿ ಕೇಳಲ್ಲ.”

“ಹೋದ್ಸಲ ಹುಡುಕಿದ್ದು ನಾನು!”

ಅಣ್ಣನ ಕೈ ಹಿಡಿದು ಎಳೆದುಕೊಂಡೇ ಹೋದಳು. ಗೇಟ್‌ಕೀಪರ್ ನಕ್ಕ. ಬಸ್‌ಸ್ಟಾಪ್ ಇದ್ದದ್ದೂ ಎಡಕ್ಕೇ.