ಜಡ್ಜ್ ಭಾವನ ಕಾಗದದ ಕೊನೆ ಸಾಲು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಒಹಾಯೊ ನದಿ ದಂಡೆಯ ಹ್ಯಾಸ್ಕಲ್ ಮನೆಗೆ ಕೌದಿ ಹೊಲಿಯಲು ಹೋಗಿದ್ದ ನಾವು ಹೆಂಗಸರೆಲ್ಲ ದಾರಿ ಕೆಸರಾಗಿ ಅಲ್ಲೇ ಉಳಿದುಕೊಂಡೆವು. ಒಲೆಯ ಪಕ್ಕದಲ್ಲಿ ಟಬಿತಾ ಅಜ್ಜಿ ಕೂತಿದ್ದಳು. ಅವಳ ಅಕ್ಕ ಡ್ರುಸಿಲಾಳ ಗಂಡ ಲೆಮ್ಯುಯಲ್ ಹ್ಯಾಸ್ಕಲ್ ಬಹಳ ಹಿಂದೆ ಪಡುವಣ ಗಡಿಯಲ್ಲಿ ಜಡ್ಜ್ ಆಗಿದ್ದವನು. ಆತ ಆ ಕೆಲಸವನ್ನು ಯಾಕೆ ಬಿಟ್ಟ ಎಂದು ಯಾರೋ ಕೇಳಿದರು. ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಬಿಟ್ಟನಾ? ಬಿಡಿಸಿದ್ರು ಕಣ್ರೇ... ಯಾರು ಅಂತ ಹೇಳ್ತೀನಿ, ಕೇಳಿ.

ಭಾವ ನೆಬ್ರಾಸ್ಕಾ ಕಡೆ ಇದ್ದ. ಹೆಂಡದಂಗಡಿ ಅಟ್ಟದ ಮೇಲೆ ಕೋರ್ಟು. ಅಲ್ಲಿಂದ ಕಾಗದ ಬಂದ್ರೆ ನಮ್ಮಕ್ಕ ಮಕ್ಕಳನ್ನೆಲ್ಲ ಸುತ್ತ ಕೂರಿಸ್ಕೊಂಡು ಗಟ್ಟಿಯಾಗಿ ಓದೋಳು. ಏನಿರ್ತಿತ್ತು ಅದ್ರಲ್ಲಿ? ಗಾಳಿ, ಕೆಸರು, ಸುಟ್ಟ ಕಾಡುಕೋಳಿ, ಮಕ್ಕಳಿಗೆ ಮುತ್ತು... ಯಾರಿಗೆ ಏನು ಶಿಕ್ಷೆ ಕೊಟ್ಟೆ ಅಂತ ಒಂದಕ್ಷರ ಇರ್ತಿರ್ಲಿಲ್ಲ. ಒಂದ್ಸಲ, ಚಳಿ ಶುರುವಾಗೋ ಕಾಲ, ಭಾವನ ಸಹಿ ಕೆಳಗೆ ಬೇರೆ ಕೈಬರಹ. ‘ತಾಯಿ, ಸಾಹೇಬರು ಚೆನ್ನಾಗಿದ್ದಾರೆ. ಇಲ್ಲಿ ತುಂಬ ಚಳಿ. ಓರಿನ್ ಫೇ.’ ಗುಮಾಸ್ತ ಇರ್ಬೇಕು ಅಂದ್ಕೊಂಡ್ವಿ. ನಮ್ಮಕ್ಕನ ಕರುಳು ಕೇಳ್ಬೇಕಲ್ಲ! ಭಾವನಿಗೆ ಕಳಿಸೋ ಗಂಟಲ್ಲಿ ಅವನಿಗೂ ಒಂದು ಜೊತೆ ಕಾಲುಚೀಲ ಹೆಣೆದು ಹಾಕಿದ್ಲು. ಮುಂದಿನ ಕಾಗದದ ಅಡಿಯಲ್ಲಿ ಮತ್ತೆ ಸಾಲು: ‘ಕಾಲುಚೀಲ ಬಂತು ತಾಯಿ. ಚಳಿ ಹೋಗಲಿಲ್ಲ.’ ಅಕ್ಕನಿಗೆ ಗಂಡನ ಮೇಲೆ ಸಿಟ್ಟು ಬಂತು. ‘ನಿಮ್ಮ ಗುಮಾಸ್ತ ಓರಿನ್ ಫೇ ನಡುಗ್ತಿದ್ದಾನೆ, ಒಂದು ಕಂಬಳಿ ಕೊಡೋಕಾಗಲ್ವಾ? ಕ್ರಿಸ್‌ಮಸ್ಸಿಗೆ ಅವನನ್ನೂ ಕರ್ಕೊಂಡು ಬನ್ನಿ’ ಅಂತ ಬರೆದ್ಲು.

ಅದಕ್ಕೆ ಬಂದ ಉತ್ತರ ಒಂದೇ ಸಾಲು. ‘ನನಗೆ ಗುಮಾಸ್ತನೇ ಇಲ್ಲ, ಈಗಲೇ ಹೊರಟೆ.’ ಕೆಳಗೆ ಆ ಇನ್ನೊಂದು ಕೈ... ‘ನಾನೂ ಹೊರಟೆ ತಾಯಿ.’

ಭಾವ ಬಂದಾಗ ಗುರುತೇ ಸಿಗ್ಲಿಲ್ಲ, ಹಾಗೆ ಇಳಿದುಹೋಗಿದ್ದ. ಬಾಗಿಲಲ್ಲೇ ನಿಂತು ಹೇಳಿಬಿಟ್ಟ. ಓರಿನ್ ಫೇ ಅಂದ್ರೆ ಕುದುರೆ ಕಳ್ಳ ಅಂತ ಹಿಡಿದು ತಂದವನಂತೆ. ‘ನನ್ನನ್ನೂ ಕುದುರೇನೂ ಹೊಳೆ ದಾಟಿಸಿದ ದೋಣಿಯವನು ಬರೋವರೆಗೆ ತಡೀರಿ ಸ್ವಾಮಿ, ಕುದುರೆ ನಂದೇ ಅನ್ನೋಕೆ ಅವನೇ ಸಾಕ್ಷಿ’ ಅಂತ ಅಂಗಲಾಚಿದ್ನಂತೆ. ಹಿಮ ಬೀಳೋದ್ರೊಳಗೆ ಕೇಸು ಮುಗಿಸೋ ಆತುರ ಭಾವನಿಗೆ. ಗಲ್ಲಿಗೆ ಹಾಕಿಸ್ದ. ಆಮೇಲೆ ದೋಣಿಯವನು ಬಂದ... ಹೇಳೋದನ್ನ ಹೇಳ್ದ. ಏನು ಪ್ರಯೋಜನ?

‘ಇದನ್ನ ಯಾಕೆ ನಮಗೆ ಬರೀಲಿಲ್ಲ?’ ಅಂದ್ಲು ಅಕ್ಕ.

‘ಮಕ್ಕಳ ಮುಂದೆ ಓದ್ತೀಯಲ್ಲೇ, ಹೇಗೆ ಬರೀಲಿ?’

‘ಅವನಿಗೆ ತಾಯಿ ಇದ್ದಾಳಾ?’

‘ಪೆನ್ಸಿಲ್ವೇನಿಯಾದಲ್ಲಿ... ಅವಳಿಗೂ ಬರೆದಿಲ್ಲ.’

ಅಕ್ಕ ಒಳಗೆ ಹೋದ್ಲು. ಊಟದ ಮೇಜಿನ ಮೇಲೆ ಒಂದು ಬಟ್ಟಲು ಜಾಸ್ತಿ ಇಟ್ಲು. ‘ಇದ್ಯಾರಿಗೇ?’ ಅಂತ ಭಾವ ಕೂಗಿದ. ‘ನಾನು ಕರೆದಿದ್ದೀನಿ. ಕರೆದ ಮೇಲೆ ಬಡಿಸ್ಬೇಡ್ವಾ?’

ಕುದಿಯೋ ಸಾರನ್ನ ನಾನೇ ಬಡಿಸಿದ್ದು ಕಣ್ರೇ. ನಮ್ಮ ಬಟ್ಟಲುಗಳಲ್ಲಿ ಹಬೆ ಆಡ್ತಿತ್ತು. ಆ ಬಟ್ಟಲಲ್ಲಿ ಮಾತ್ರ ನೋಡ್ತಾ ನೋಡ್ತಾ ಸಾರು ಹೆಪ್ಪುಗಟ್ತು... ಚಮಚ ಇಳೀದಷ್ಟು ಮಂಜುಗಡ್ಡೆ. ಭಾವ ಅಲ್ಲೇ ಲೇಖನಿ ತರಿಸ್ಕೊಂಡ. ‘ತಾಯಿ, ನಿಮ್ಮ ಮಗ ಕಳ್ಳನಲ್ಲ. ತಪ್ಪು ಮಾಡಿದ್ದು ನಾನು’ ಅಂತ ಬರೆದು ಸಹಿ ಹಾಕ್ದ. ಮಡಿಸೋ ಮುಂಚೆ ನಾವೆಲ್ಲ ನೋಡಿದ್ವಿ, ಸಹಿ ಕೆಳಗೆ ಏನೂ ಇರ್ಲಿಲ್ಲ. ಅವತ್ತೇ ಜಡ್ಜ್ ಕೆಲಸಕ್ಕೂ ರಾಜೀನಾಮೆ ಬರೆದ.

ಮುಗೀತು ಅಂದ್ಕೊಂಡ್ರಾ? ಹಿಮ ಕರಗ್ತಿದ್ದ ಹಾಗೆ ಒಬ್ಬಳು ಮುದುಕಿ ಗಂಟು ಹಿಡ್ಕೊಂಡು ಬಾಗಿಲಿಗೆ ಬಂದ್ಲು. ಬಯ್ಯಲಿ, ಹೊಡೀಲಿ ಅಂತ ಭಾವ ಎದ್ದು ನಿಂತ. ಅವಳು ಅವನ ಕಡೆ ನೋಡ್ಲೇ ಇಲ್ಲ. ‘ನಿಮ್ಮ ಕಾಗದದ ಅಡಿಯಲ್ಲಿ ನನ್ನ ಮಗ ಒಂದು ಸಾಲು ಬರೆದಿದ್ದ. ಇಲ್ಲಿ ಬೆಚ್ಚಗಿದೆಯಂತೆ, ಎಲ್ಲಿಗೂ ಹೋಗಲ್ವಂತೆ. ನಾನೂ ಇಲ್ಲೇ ಇರ್ತೀನಿ’ ಅಂದ್ಲು. ಬೇಡ ಅನ್ನೋಕೆ ನಮಗೆಲ್ಲಿತ್ತು ಬಾಯಿ? ಈ ಒಲೆ ಹಿಂದಿನ ಕೋಣೆ ಕೊಟ್ವಿ. ಸಂಜೆಯಾದ್ರೆ ಒಳಗಿಂದ ಅವಳ ಮಾತು ಕೇಳಿಸ್ತಿತ್ತು... ಸ್ವಲ್ಪ ಹೊತ್ತು ಸುಮ್ಮನಾಗೋಳು, ಆಮೇಲೆ ನಗೋಳು. ಭಾವ ಸಾಯೋವರೆಗೂ ಗೋಡೆಯ ಈಚೆ ಕೂತು ಅದನ್ನ ಕೇಳಿಸ್ಕೊಂಡ.”

ಅಜ್ಜಿ ಮತ್ತೆ ಸೂಜಿ ಎತ್ತಿಕೊಂಡಳು. ಆ ತಾಯಿ ಈಗೆಲ್ಲಿ ಎಂದು ನಾನು ಕೇಳಿದೆ.

“ಅವಳನ್ನ ಮಣ್ಣು ಮಾಡಿ ಎಷ್ಟೋ ವರ್ಷ ಆಯ್ತಲ್ಲಮ್ಮ. ಈಗ ಆ ಕೋಣೆಯಿಂದ ಎರಡು ದನಿ ಬರುತ್ತೆ... ಮಳೆ ಜೋರಾಗಿದೆ, ನಿಮಗೆ ಗೊತ್ತಾಗ್ತಿಲ್ಲ. ನಿಲ್ಲಲಿ, ತಾಳಿ.”