ನಗುವಿನ ಚೀಟಿಯ ಹದಿನೇಳನೇ ಸಾಲು

ಹೆಸರು, ವಿಳಾಸ ಈ ಹಾಳೆಯ ತಲೆಭಾಗದಲ್ಲಿ ಬರೆಸಿದಂತೆ. ವಯಸ್ಸು ನಲವತ್ತಾರು. ಉದ್ಯೋಗ: ಚಿತ್ರಮಂದಿರದಲ್ಲಿ ಮ್ಯಾನೇಜರ್, ಹನ್ನೊಂದು ವರ್ಷಗಳಿಂದ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮಲ್ಲಿ ಕಳೆದ ಶುಕ್ರವಾರದಿಂದ ಓಡುತ್ತಿರುವ ಚಿತ್ರದಲ್ಲಿ ಮಂತ್ರಿಯೊಬ್ಬರು ಸಾರ್ವಜನಿಕ ಶೌಚಾಲಯ ಉದ್ಘಾಟಿಸಲು ಹೋಗಿ ಒಳಗೇ ಸಿಕ್ಕಿಕೊಳ್ಳುತ್ತಾರೆ. ನಾಲ್ಕು ದಿನ ಅಲ್ಲಿಂದಲೇ ರಾಜ್ಯಭಾರ ಮಾಡುತ್ತಾರೆ. ಇದು ತಮ್ಮ ನಾಯಕರ ಅವಹೇಳನ ಎಂದು ಒಂದು ಪಕ್ಷದವರು ಸೋಮವಾರ ಬೆಳಿಗ್ಗೆ 10.15ಕ್ಕೆ ಟಿಕೆಟ್ ಕಿಟಕಿಯಿಂದ ಹನ್ನೆರಡು ಅಡಿ ದೂರದಲ್ಲಿ ಧರಣಿ ಕುಳಿತರು. ಮುಂದೆ ನಿಂತವರು ಪಕ್ಷದ ನಗರ ಘಟಕದ ಅಧ್ಯಕ್ಷರು. ಈ ಪ್ರಕರಣದ ದೂರುದಾರರೂ ಅವರೇ. ಅವರು ನನ್ನ ಸೋದರಮಾವ. ನನ್ನ ತಂದೆ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು. ಇದನ್ನು ಮೊದಲೇ ಹೇಳುವುದು ಸರಿ ಎನಿಸಿತು.

ಚಿತ್ರ ನೋಡಿದ್ದೀರಾ ಎಂದು ಅವರನ್ನು ಕೇಳಿದೆ. ನೋಡಿಲ್ಲ, ಆದರೂ ನೋವಾಗಿದೆ ಎಂದರು. “ನೋಡಿಯಾದ್ರೂ ನೋವು ಮಾಡ್ಕೊಳ್ಳಿ ಮಾಮ, ಮಾತಾಡೋಕೆ ಒಂದು ಆಧಾರ ಇರುತ್ತೆ” ಎಂದು ಹೇಳಿದವಳು ನಾನೇ. ಅದು ಅತಿಬುದ್ಧಿಯಾಯಿತೇನೋ ಎಂದು ಈಗ ಅನ್ನಿಸುತ್ತಿದೆ.

ಮಂಗಳವಾರ ಬೆಳಿಗ್ಗೆ 8.30ಕ್ಕೆ ಅವರಿಗಾಗಿಯೇ ಒಂದು ಪ್ರದರ್ಶನ ಇಟ್ಟೆವು. ಬಂದವರು ನಲವತ್ತೊಂದು ಜನ. ಕುರ್ಚಿಗಳ ಮೇಲಿನ ಕಾಳಜಿಯಿಂದ ನಾನು ಹಿಂಬಾಗಿಲಲ್ಲಿ, ಕೊನೆಯ ಸಾಲಿನಿಂದ ನಾಲ್ಕು ಅಡಿ ದೂರದಲ್ಲಿ ನಿಂತಿದ್ದೆ. ಮಾಮ ಕೊನೆಯ ಸಾಲಿನಲ್ಲೇ ಕುಳಿತಿದ್ದರು. ಏನೂ ಮುರಿಯಲಿಲ್ಲ. 10.34ಕ್ಕೆ ಚಿತ್ರ ಮುಗಿಯಿತು. ಇದರಲ್ಲಿ ನಗುವಂಥದ್ದು ಎಳ್ಳಷ್ಟೂ ಇಲ್ಲ, ನಮ್ಮ ಕಾರ್ಯಕರ್ತರು ಕಣ್ಣೀರು ಹಾಕಿದರು ಎಂದು ಮಾಮ ಪತ್ರಕರ್ತರಿಗೆ ತಿಳಿಸಿದರು. ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದುದು ನಿಜ.

ನಮ್ಮ ಪ್ರೊಜೆಕ್ಟರ್ ಆಪರೇಟರ್ ಅವರಿಗೆ ಅರವತ್ತೊಂದು ವರ್ಷ. ಎಲ್ಲರೂ ಆಪರೇಟರಣ್ಣ ಎನ್ನುತ್ತೇವೆ. ಜನ ನಕ್ಕಾಗ ಮುಂದಿನ ಮಾತು ಮುಳುಗಿಹೋಗುತ್ತದೆ. ಆದ್ದರಿಂದ ಅವರು ಪ್ರತಿ ಹೊಸ ಚಿತ್ರದ ಮೊದಲ ವಾರ, ಪ್ರತಿ ಆಟದಲ್ಲೂ, ಎಷ್ಟನೇ ನಿಮಿಷಕ್ಕೆ ನಗು ಬಂತು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಮುಂದಿನ ಪಾಳಿಯವರು ಅದನ್ನು ನೋಡಿ ಆ ಜಾಗಗಳಲ್ಲಿ ಶಬ್ದ ಏರಿಸುತ್ತಾರೆ. ಚೀಟಿ ಅಂಟಿಸುವುದು ಟಿಕೆಟ್ ಕಿಟಕಿಯ ಪಕ್ಕದ ಹಲಗೆಗೆ. ಮಂಗಳವಾರ 11 ಗಂಟೆಗೂ ಹಾಗೆಯೇ ಅಂಟಿಸಿದರು: “ಬೆಳಗಿನ ವಿಶೇಷ ಆಟ. ಜನ 41. ನಗು 23.” ಅದರ ಕೆಳಗೆ ಒಂದೊಂದು ನಗುವಿಗೆ ಒಂದೊಂದು ಸಾಲು. ನಾನು ನೋಡಿದೆ. ತೆಗೆಸಬೇಕು ಎಂದು ಹೊಳೆಯಲಿಲ್ಲ. ನಮಗೆ ಅದು ಗೋಡೆಯ ಮೇಲಿನ ಗಡಿಯಾರ ಇದ್ದಂತೆ.

ಅದರ ಫೋಟೊವನ್ನು ಯಾರೋ ತೆಗೆದು ಊರಿಗೆಲ್ಲ ಕಳಿಸಿದರು. ಬುಧವಾರ ಸಂಜೆ 4.40ಕ್ಕೆ ಸುಮಾರು ಎಪ್ಪತ್ತು ಜನ ಬಂದು ಕಿಟಕಿಯ ಗಾಜು ಒಡೆದರು. ಟಿಕೆಟ್ ಕೊಡುವಾಕೆಯ ಮೊಣಕೈಗೆ ಮೂರು ಹೊಲಿಗೆ ಬಿದ್ದಿವೆ. ಕಲ್ಲು ಎಸೆಯಬಾರದು ಎಂದು ಮಾಮ ಹೇಳಿದರು. ಕಲ್ಲು ಎಸೆದಾದ ಮೇಲೆ. ಚೀಟಿ ಸುಳ್ಳು, ವಿರೋಧಿಗಳ ಮಾತು ಕೇಳಿ ಆಪರೇಟರ್ ಸೃಷ್ಟಿಸಿದ್ದು ಎಂಬುದು ಅವರ ದೂರು. ಗಾಜು ಒಡೆದವರು ಮನೆಯಲ್ಲಿದ್ದಾರೆ. ಆಪರೇಟರಣ್ಣ ಇಂದು ಬೆಳಿಗ್ಗೆ 9.10ರಿಂದ ಈ ಠಾಣೆಯ ಬೆಂಚಿನ ಮೇಲಿದ್ದಾರೆ.

ಇಂದು 11.20ಕ್ಕೆ ಠಾಣೆಯ ಜಗಲಿಯಲ್ಲಿ ಮಾಮ ನನ್ನನ್ನು ಪಕ್ಕಕ್ಕೆ ಕರೆದರು. “ಇಪ್ಪತ್ಮೂರು ಅನ್ಬೇಡ ಕಣಮ್ಮಾ, ಮೂರು ಅನ್ನು. ಮೂರಾದ್ರೆ ಮನುಷ್ಯ ಸಹಜ” ಎಂದರು. ಇದೇನು ತರಕಾರಿ ವ್ಯಾಪಾರವೇ ಎಂದು ಕೇಳಿದೆ. ಹಾಗಾದರೆ ಹದಿನೇಳನೇ ಸಾಲು ಒಂದನ್ನಾದರೂ ತಪ್ಪು ಎನ್ನು ಎಂದರು. “ಉಳಿದಿದ್ದೆಲ್ಲ ಗುಂಪು. ಗುಂಪಿಗೆ ಮುಖ ಇಲ್ಲ. ಅದೊಂದಕ್ಕಿದೆ.”

ಹದಿನೇಳನೇ ಸಾಲು ಹೀಗಿದೆ: “1 ಗಂಟೆ 12 ನಿಮಿಷ. ಒಬ್ಬರೇ. ಜೋರು. ಶಬ್ದ ಏರಿಸುವುದು ಬೇಡ.” ಮಂತ್ರಿ ಒಳಗಿರುವಾಗ ಕಾರ್ಯಕರ್ತರು ಸಾಲಾಗಿ ನಿಂತು, ಮುಚ್ಚಿದ ಬಾಗಿಲಿನ ಜೊತೆ ಫೋಟೊ ತೆಗೆಸಿಕೊಳ್ಳುವ ದೃಶ್ಯ ಅದು. ಉಳಿದ ನಲವತ್ತು ಜನ ಆಗ ಸದ್ದಿಲ್ಲದೆ ಕುಳಿತಿದ್ದರು.

“ಅಧ್ಯಕ್ಷಗಿರಿ ಹೋಗುತ್ತೆ. ಮೂವತ್ತು ವರ್ಷ ಇದನ್ನೇ ಮಾಡಿದೀನಿ, ಬೇರೇನೂ ಬರಲ್ಲ ನಂಗೆ” ಎಂದರು. ನಾನು ಒಳಗೆ ಬಂದೆ.

12.05ಕ್ಕೆ ಠಾಣಾಧಿಕಾರಿಗಳಾದ ತಾವು ನನ್ನನ್ನು ಕೇಳಿದಿರಿ: ಆ ನಗು ಯಾರದು? ಹೇಳುವವರು ಇಲ್ಲದಿದ್ದರೆ ಚೀಟಿ ಕಟ್ಟುಕತೆ ಎಂದಾಗುತ್ತದೆ, ಆಪರೇಟರ್ ಮೇಲೆ ಕೇಸು ಹಾಕಬೇಕಾಗುತ್ತದೆ ಎಂದಿರಿ. ಯೋಚಿಸಲು ನಾನು ಹತ್ತು ನಿಮಿಷ ಸಮಯ ಕೇಳಿದೆ. ಕತ್ತಲಿತ್ತು ಎನ್ನಬಹುದಿತ್ತು. ಕತ್ತಲು ಇದ್ದದ್ದೂ ನಿಜ. ಆದರೆ ನಿಜವನ್ನೇ ಹೇಳಿ ಸುಳ್ಳುಗಾರ್ತಿಯಾಗುವುದು ನನಗೆ ಬೇಡವೆನಿಸಿತು.

ನಕ್ಕವರು ನನ್ನ ಸೋದರಮಾವ. ಆ ದನಿಯನ್ನು ನಾನು ಐದು ವರ್ಷದವಳಿದ್ದಾಗಿನಿಂದ ಬಲ್ಲೆ. ಇತ್ತೀಚಿನ ವರ್ಷಗಳಲ್ಲಿ ಕೇಳಿರಲಿಲ್ಲ. ನಕ್ಕದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಈ ವಾರ ಅವರು ಮಾಡಿದ ಕೆಲಸಗಳಲ್ಲಿ ನನ್ನ ತಕರಾರಿಲ್ಲದ್ದು ಅದೊಂದೇ.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಓದಿಕೊಂಡಿದ್ದೇನೆ. ನಾನು ಕಂಡು ಕೇಳಿದ ಮಟ್ಟಿಗೆ ಇದು ಸತ್ಯ. ಹೇಳಿಕೆ ಬರೆದುಕೊಂಡವರು ಮೇಲಿನ ಸಾಲಿನಲ್ಲಿ “ನಕ್ಕಂತೆ ಕೇಳಿಸಿತು” ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ, “ನಕ್ಕವರು” ಎಂದು ಬರೆಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಮಾರ್ಚ್ 14, ಗುರುವಾರ, ಮಧ್ಯಾಹ್ನ 1.25
ಸಹಿ