ಬಬಲ್‌ಗಮ್ಮಿನ ಕಲೆ

ಟೊಲೀಡೊದ ಚರ್ಚ್ ಹಾಲಿನಲ್ಲಿ ಆಟಗಾರರ ಚಿತ್ರವಿರುವ ಹಳೇ ಬೇಸ್‌ಬಾಲ್ ಕಾರ್ಡುಗಳ ಸಂತೆ ನಡೆದಿತ್ತು. ಅಸಲಿಯೋ ನಕಲಿಯೋ ನೋಡಿ ಹೇಳುವವನ ಮೇಜಿನ ಮುಂದೆ ಉದ್ದನೆಯ ಸಾಲು. ಸಾಲಿನಲ್ಲಿ ಗ್ಲೆನ್‌ನ ಮುಂದೆ ಹೆಂಡತಿಯೊಂದಿಗೆ ನಿಂತಿದ್ದ ಮುದುಕ ಮರ್ಲ್ ಅಂಗಿಯ ಜೇಬನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದ.

"ನಕಲಿ ಅಂದ್ಬಿಟ್ರೆ ಏನ್ಮಾಡೋದು, ವರ್ನಾ?"

"ಹದಿನೆಂಟು ಡಾಲರಿನ ಕಾರ್ಡಿಗೆ ಹಿಂಗೆ ಬೆವರ್ತೀಯಲ್ಲೋ!"

"ಎರಡು ತಿಂಗಳು ಹೊರಗೆ ಕಾಫಿ ಕುಡೀದೆ ತಗೊಂಡಿದ್ದು ಕಣೇ. ಆಗೆಲ್ಲ ಬಬಲ್‌ಗಮ್ ಜೊತೆಗೇ ಕಾರ್ಡು ಬರ್ತಿತ್ತು. ಹಿಂದ್ಗಡೆ ಗಮ್ಮಿನ ಕಲೆ ಇದ್ಯಲ್ಲ, ಅಸಲಿ ಅನ್ನೋಕೆ ಅದೊಂದೇ ಧೈರ್ಯ."

"ಆ ಕಲೇನಾ? ಚೆನ್ನಾಗಿ ಕಾಣ್ಲಿ ಅಂತ ಬೆಳಿಗ್ಗೆ ನನ್ನ ನೈಲಾನ್ ಕಾಲುಚೀಲದಲ್ಲಿ ಉಜ್ಜಿ ತೆಗ್ದೆ."

ಮುದುಕನ ಕೈ ಜೇಬಿನ ಮೇಲೇ ನಿಂತುಬಿಟ್ಟಿತು.

"ಮುಂದಿನವರು ಬನ್ನಿ!"

"ಮರ್ಲ್, ಆ ಕಾಲುಚೀಲ ಈಗ ನನ್ನ ಕಾಲಲ್ಲೇ ಇದೆ. ಕಲೆ ಅದಕ್ಕೆ ಅಂಟಿರ್ಬೇಕು."

ಇಬ್ಬರೂ ಮೇಜಿನತ್ತ ನಡೆದರು. ವರ್ನಾಳ ಒಂದು ಬೂಟು ಆಗಲೇ ಅವಳ ಕೈಯಲ್ಲಿತ್ತು.